ರೆಕ್ಕೆಯ ಮೇಲೆ ನನ್ನ ಪಾಲು

ಫ್ರಾನ್ಸಿಗೆ ಹೋಗಿ ಬಂದೆನೆಂದು ತಿಳಿದವರೆಲ್ಲ ಮೊದಲು ಕೇಳುವುದು ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಸುದ್ದಿ. ನಾನು ಅದನ್ನು ಕಾಣಲಿಲ್ಲ. ಒಂದು ರೈಲಿನಿಂದ ಇನ್ನೊಂದು ರೈಲಿಗೆ ಓಡುವ ಅವಸರದಲ್ಲಿ ನನ್ನ ಹೆಂಡತಿ ಸುಮತಿಗೆ ಟ್ಯಾಕ್ಸಿಯ ಅವಳ ಕಡೆಯ ಕಿಟಕಿಯಲ್ಲಿ ಅದು ಕಂಡಿತಂತೆ. ನನ್ನ ಕಡೆಯ ಕಿಟಕಿಯಲ್ಲಿ ಒಂದು ಕಸದ ಲಾರಿ ಇತ್ತು.

ನಾನು ಕಂಡದ್ದು ಒಂದು ಯುದ್ಧವಿಮಾನ. ಅದಕ್ಕೆ ಚಕ್ರಗಳಿರಲಿಲ್ಲ. ಹೊಟ್ಟೆಯ ಕೆಳಗೆ ದೋಣಿ ಕಟ್ಟಿಕೊಂಡಿತ್ತು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಹಡಗಿನ ಮೇಲಿಂದ ಕವಣೆಕಲ್ಲಿನಂತೆ ಎಸೆಯುವುದಕ್ಕೆಂದು ಅದನ್ನು ಕಟ್ಟಿದ್ದರು. ಪರೀಕ್ಷೆಗೆಂದು ಮಾಡಿದ್ದು ಅದೊಂದೇ. ಅದನ್ನು ಕಂಡ ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಕದ್ರಾದ ವಿದ್ಯುದಾಗಾರದಲ್ಲಿ ಮೀಟರುಗಳ ಮುಂದೆ ಕುಳಿತು ನೌಕರಿ ಮುಗಿಸಿದವನು ನಾನು. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನು ಬರೆಯಬೇಕು, ಎಲ್ಲಿ ನಿಲ್ಲಬೇಕಿತ್ತೋ ಅದನ್ನಲ್ಲ ಎಂಬುದು ಅಲ್ಲಿ ಬಿದ್ದ ಅಭ್ಯಾಸ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. 

ಬಂದರಿನ ಊರು

ಫ್ರಾನ್ಸಿನ ಪಶ್ಚಿಮದ ತುದಿಯಲ್ಲಿ, ನೆಲ ಮುಗಿದು ಬರೀ ಕಲ್ಲು ಮತ್ತು ಕಡಲು ಉಳಿಯುವಲ್ಲಿ ಆ ಊರು ಇದೆ. ಅದರ ಹೆಸರನ್ನು ನಾನು ಹೇಳಿದರೆ ಅಲ್ಲಿಯವರಿಗೆ ತಿಳಿಯುವುದಿಲ್ಲ, ಅವರು ಹೇಳಿದರೆ ನನಗೆ ತಿಳಿಯುವುದಿಲ್ಲ. ಸುಮತಿಯ ತಮ್ಮ ಪ್ರಕಾಶ ಅಲ್ಲಿರುತ್ತಾನೆ. ಸದಾಶಿವಗಡದ ಹುಡುಗ. ಹಡಗಿನಲ್ಲಿ ಅಡುಗೆಯವನಾಗಿ ಹೋಗಿದ್ದ. ಆ ಹಡಗು ರಿಪೇರಿಗೆಂದು ಆ ಬಂದರಿನಲ್ಲಿ ಬಹಳ ಕಾಲ ನಿಂತಿತು. ಹಡಗು ಹೊರಟಾಗ ಇವನು ಹೊರಡಲಿಲ್ಲ. ಅಲ್ಲಿಯೇ ಮದುವೆಯಾಗಿ, ಒಂದು ಸಣ್ಣ ಖಾನಾವಳಿ ಇಟ್ಟುಕೊಂಡ. ಅವನ ಹೆಂಡತಿ ಆಸ್ಪತ್ರೆಯ ಕೆಲಸದವಳು. ಅವಳನ್ನು ಕಂಡದ್ದಕ್ಕಿಂತ ಅವಳು ಮಾಡಿಟ್ಟುಹೋದ ಕಾಫಿಯನ್ನು ಕಂಡದ್ದೇ ಹೆಚ್ಚು.

ಮೊದಲ ದಿನವೇ ಪ್ರಕಾಶನಿಂದ ಬೈಸಿಕೊಂಡೆ. ರೊಟ್ಟಿಯಂಗಡಿಗೆ ಹೋಗಿ, ಬೇಕಾದ ರೊಟ್ಟಿಯ ಕಡೆ ಬೆರಳು ತೋರಿಸಿದೆ. ಅಂಗಡಿಯಾಕೆ ನನ್ನನ್ನು ನೋಡಿಯೂ ನೋಡದವಳಂತೆ ನಿಂತಳು.

"ಭಾವಾ, ಒಳಗೆ ಕಾಲಿಟ್ಟ ಕೂಡ್ಲೆ ಬೊಂಜೂರ್ ಹೇಳ್ಬೇಕು. ಹೇಳ್ದೇ ಇದ್ರೆ ರೊಟ್ಟಿ ಕೊಡ್ತ್ರು, ಮರ್ಯಾದೆ ಕೊಡೂದಿಲ್ಲ."

"ನಮ್ಮಲ್ಲಿ ಅಂಗಡಿಗೆ ಹೋದ್ರೆ ಅಂಗಡಿಯವ್ನೇ ಅಲ್ವಾ ಮೊದ್ಲು ಮಾತಾಡ್ಸೂದು?"

"ಅದು ನಿಮ್ಮೂರು ಹಟ್ಟಿಕೇರಿ. ಅಲ್ಲಿ ಅಂವ ಮಾತಾಡ್ಸೂದೂ ಹಳೇ ಬಾಕಿ ಕೇಳೂಕೆ."

ರೊಟ್ಟಿ ನಮ್ಮ ಒನಕೆಯಷ್ಟು ಉದ್ದವಿತ್ತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯಬೇಕಂತೆ. ಸುಮತಿ ನೋಡಿದಳು. "ಕಂಕುಳಲ್ಲಿ ಇಟ್ಕಂಡಿದ್ದನ್ನ ನಾ ತಿನ್ನೂದಿಲ್ಲ," ಎಂದಳು. ನಾಲ್ಕನೆಯ ದಿನಕ್ಕೆ ಅವಳೇ ಹಾಗೆ ಇಟ್ಟುಕೊಂಡು ಬಂದಳು.

ನಾವು ಬಂದ ಮರುದಿನ ಬೆಳಿಗ್ಗೆ ಕಿಟಕಿ ತೆರೆದವನು ಹಾಗೆಯೇ ನಿಂತುಬಿಟ್ಟೆ. ರಾತ್ರಿ ಮಲಗುವಾಗ ಮನೆಯ ಮುಂದೆ ಕಡಲಿತ್ತು. ಈಗ ಇರಲಿಲ್ಲ. ದೋಣಿಗಳೆಲ್ಲ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿದ್ದವು. ದೋಣಿ ನಿಲ್ಲುವ ಧಕ್ಕೆಯ ಗೋಡೆ ಬುಡದ ಪಾಚಿಯವರೆಗೆ ಬರಿದಾಗಿತ್ತು. ಕಡಲು ಎಲ್ಲೋ ದೂರದಲ್ಲಿ ಒಂದು ಬಿಳಿ ಗೆರೆಯಾಗಿತ್ತು. ಕಾರವಾರದಲ್ಲಿಯೂ ಇಳಿತ ಉಂಟು, ಕಾಳಿನದಿಯ ಅಳಿವೆಯಲ್ಲಿ ನೀರು ಹಿಂದೆ ಸರಿದಾಗ ಹೆಂಗಸರು ತಿಸರೆಯ ಚಿಪ್ಪು ಹೆಕ್ಕಲು ಇಳಿಯುತ್ತಾರೆ. ಆದರೆ ನಮ್ಮ ಕಡಲು ಅಂಗಳಕ್ಕಿಳಿದು ಮತ್ತೆ ಜಗಲಿಗೆ ಬರುತ್ತದೆ. ಇದು ಮನೆ ಬಿಟ್ಟೇ ಹೋಗಿತ್ತು. ಸುಮತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಮತ್ತೆ ಬತ್ತದೆ ಅಲ್ದಾ?" ಎಂದು ಕೇಳಿದಳು.

ಮಧ್ಯಾಹ್ನದ ಹೊತ್ತಿಗೆ ಅದು ಬಂದಿತ್ತು. ಸದ್ದಿಲ್ಲದೆ ಬಂದು, ಮಗ್ಗುಲಾಗಿದ್ದ ಒಂದೊಂದೇ ದೋಣಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿತ್ತು.

ಕೊಟ್ಟಿಗೆ

ಊರಿನ ಹೊರಗೆ ಹಳೆಯ ಹಾಯಿ ಹೊಲಿಯುತ್ತಿದ್ದ ಒಂದು ದೊಡ್ಡ ಕೊಟ್ಟಿಗೆ ಇದೆ. ಪ್ರಕಾಶ ವಾರಕ್ಕೊಮ್ಮೆ ಅಲ್ಲಿಗೆ ಊಟ ಒಯ್ಯುತ್ತಾನೆ. ನಿವೃತ್ತರಾದ ಹತ್ತಾರು ಜನ ಅಲ್ಲಿ ಸೇರಿ ಬಹಳ ವರ್ಷಗಳಿಂದ ಒಂದೇ ಕೆಲಸ ಮಾಡುತ್ತಿದ್ದರು. ಪ್ರಕಾಶ ನಮ್ಮನ್ನು ಬರಹೇಳಿದ್ದೂ ಅದು ಮುಗಿಯುವ ವಾರ ಎಂದೇ.

ಬಾಗಿಲು ಸರಿದಾಗ ಮೊದಲು ಕಂಡದ್ದು ಬೆಳಕು. ಮಾಡಿನ ಗಾಜಿನಿಂದ ಇಳಿದ ಬಿಸಿಲು ಬೆಳ್ಳಿ ಬಣ್ಣದ ರೆಕ್ಕೆಯ ಮೇಲೆ ಬಿದ್ದು ಗೋಡೆಗೆ ಹಾರುತ್ತಿತ್ತು. ಆಮೇಲೆ ವಿಮಾನ ಕಂಡಿತು. ಅದು ನನ್ನ ತಲೆಗಿಂತ ಬಹಳ ಮೇಲಿತ್ತು. ಅಷ್ಟೊಂದು ಎತ್ತರದಲ್ಲಿ, ಉದ್ದನೆಯ ಒಂದೇ ದೋಣಿಯ ಮೇಲೆ, ಸಣ್ಣ ಕಂಬಗಳನ್ನು ಊರಿಕೊಂಡು ನಿಂತಿತ್ತು. ಎರಡೂ ರೆಕ್ಕೆಗಳ ಕೆಳಗೆ ಕುಂಬಳಕಾಯಿಯಂಥ ಒಂದೊಂದು ಸಣ್ಣ ತೇಲುಬುರುಡೆ. ಒಬ್ಬನೇ ಕುಳಿತುಕೊಳ್ಳುವಷ್ಟು ಕುಳಿ. ತಲೆಯ ಮೇಲೆ ಏನೂ ಇಲ್ಲ. ಕೂತವನ ಮುಖಕ್ಕೆ ಗಾಳಿ, ಉಪ್ಪುನೀರು, ಎಂಜಿನ್ನಿನ ಎಣ್ಣೆ ಎಲ್ಲ ನೇರವಾಗಿ ಹೊಡೆಯಬೇಕು.

ನನ್ನ ತಾಯಿಯ ತವರಿನ ಕಡಲದಂಡೆ ಈಗ ನೌಕಾನೆಲೆಯ ಬೇಲಿಯ ಒಳಗಿದೆ. ಚಿಕ್ಕಂದಿನಲ್ಲಿ ನಾನು ಓಡಾಡಿದ ಆ ಮರಳನ್ನು ಈಗ ಹೆದ್ದಾರಿಯ ಏರಿನಿಂದ ನೋಡಬೇಕು. ಬೂದು ಬಣ್ಣದ ಹಡಗುಗಳು ಹೋಗುತ್ತವೆ, ಬರುತ್ತವೆ. ಅವು ಎಲ್ಲಿಗೆ ಹೋಗುತ್ತವೆ, ಹೋಗಿ ಏನು ಮಾಡುತ್ತವೆ ಎಂದು ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಯುದ್ಧದ ಹಡಗೆಂದರೆ ನನಗೆ ಯಾವಾಗಲೂ ದೂರದ ಒಂದು ಆಕಾರ. ಇಲ್ಲಿ ಆ ಹಡಗಿನ ಬೆನ್ನಿಂದ ಹಾರಿದ್ದೊಂದು ಕೈಗೆಟಕುವಷ್ಟು ಹತ್ತಿರವಿತ್ತು. ಮುಟ್ಟಲು ಕೈ ಎತ್ತಿ ಮತ್ತೆ ಇಳಿಸಿದೆ.

ಆ ಗುಂಪಿನ ಮುಖ್ಯಸ್ಥ ಲೂಕ್, ಒಂದು ಕಾಲಕ್ಕೆ ಸೇತುವೆಗಳ ಎಂಜಿನಿಯರ್. ಸಣಕಲು ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ಅವನು ಹೇಳಿದ್ದನ್ನು ಪ್ರಕಾಶ ನಮಗೆ ಹೇಳಿದ: ಹಡಗಿನ ಮೇಲೆ ಓಡುದಾರಿ ಇಲ್ಲ. ಹಾಗಾಗಿ ಒಂದು ಹಳಿಯ ಮೇಲೆ ವಿಮಾನವನ್ನು ಕೂರಿಸಿ, ಎಂಜಿನ್ ಪೂರ್ತಿ ಓಡಿಸಿ, ಹಿಂದಿನಿಂದ ಒಮ್ಮೆಲೇ ನೂಕುತ್ತಿದ್ದರು. ಹಡಗಿನ ಅಂಚು ಮುಗಿಯುವಷ್ಟರಲ್ಲಿ ಹಾರಿರಬೇಕು, ಇಲ್ಲದಿದ್ದರೆ ಕೆಳಗೆ ನೀರು. ಚಾಲಕ ತಲೆಯನ್ನು ಹಿಂದಕ್ಕೆ ಒತ್ತಿ ಹಿಡಿಯದಿದ್ದರೆ ಕುತ್ತಿಗೆ ಮುರಿಯುತ್ತಿತ್ತು.

"ಮತ್ತೆ ವಾಪಸ್ ಬರೂದು?" ಎಂದು ಸುಮತಿ ಕೇಳಿದಳು.

"ವಾಪಸ್ ಹಡಗಿನ ಮೇಲೆ ಇಳೂಕೆ ಆಗೂದಿಲ್ಲ, ಅಕ್ಕ. ಎಸೆದದ್ದು ಎಸೆದದ್ದೇ. ಕಡಲಲ್ಲಿ ಇಳೀಬೇಕು. ಹಡಗು ಒಂದು ದೊಡ್ಡ ಸುತ್ತು ತಿರುಗಿ ಅಲೆಗಳನ್ನ ತನ್ನ ಹೊಟ್ಟೆಯಿಂದ ಒತ್ತಿ, ಒಂದು ತುಂಡು ನೀರನ್ನ ಸಪಾಟು ಮಾಡಿ ಕೊಡ್ತದೆ. ಆ ತುಂಡಿನ ಮೇಲೆ ಇಂವ ಇಳೀಬೇಕು. ಆಮೇಲೆ ಮೇಲಿಂದ ಕೊಕ್ಕೆ ಬತ್ತದೆ. ರೆಕ್ಕೆ ಮೇಲೆ ನಿಂತು ಕೊಕ್ಕೆ ಹಿಡಿಬೇಕು."

ಅಷ್ಟು ದೊಡ್ಡ ಹಡಗು ಒಂದು ಸಣ್ಣ ವಿಮಾನಕ್ಕಾಗಿ ಕಡಲನ್ನು ಒರೆಸಿ ಚಾಪೆ ಹಾಸಿದಂತೆ ಹಾಸಿ ಕೊಡುತ್ತದೆ ಎಂಬುದು ನನ್ನ ಮನಸ್ಸಿನಿಂದ ಬಹಳ ಹೊತ್ತು ಹೋಗಲಿಲ್ಲ.

ಒದಿಲ್ ಅವರ ದೋಣಿ

ವಿಮಾನದ ಮೇಲ್ಭಾಗವೆಲ್ಲ ಹೊಸದು. ಹಳೆಯ ನಕ್ಷೆ ನೋಡಿ ಈ ಜನರೇ ಮಾಡಿದ್ದು. ಮೂಗಿನೊಳಗೆ ಎಂಜಿನ್ನಿನ ಬದಲು ಅಷ್ಟೇ ತೂಕದ ಕಬ್ಬಿಣ ಇಟ್ಟಿದ್ದರು. ಅದು ಹಾರುವುದಿಲ್ಲ. ಹೊಟ್ಟೆಯ ಕೆಳಗಿನ ದೋಣಿಯೊಂದು ಮಾತ್ರ ನಿಜವಾದ ಹಳೆಯದು. ಆ ದೋಣಿ ಒದಿಲ್ ಎಂಬ ಮುದುಕಿಯದು.

ಒದಿಲ್ ಕಡಲಿನ ಚಿಪ್ಪು ಬೆಳೆಯುವ ಮನೆತನದವರು. ನಾವು ಕಲ್ವ ಎನ್ನುವುದನ್ನೇ ಅಲ್ಲಿ ಅಳಿವೆಯ ಕೆಸರಿನಲ್ಲಿ ತೋಟ ಮಾಡಿದಂತೆ ಸಾಲು ಸಾಲಾಗಿ ಬೆಳೆಯುತ್ತಾರೆ. ಪ್ರಕಾಶ ತನ್ನ ಖಾನಾವಳಿಗೆ ಕಲ್ವ ತರುವುದು ಅವರಲ್ಲಿಂದ. ಅವರ ಮನೆಗೆ ಹೋದಾಗ ಅವರು ನಮ್ಮಿಬ್ಬರ ಕೆನ್ನೆಗೂ ಕೆನ್ನೆ ತಾಗಿಸಿದರು. ಯಾವ ಕೆನ್ನೆ ಮೊದಲು ಎಂದು ತಿಳಿಯದೆ ನಾನು ಮೂಗು ಕೊಟ್ಟೆ. ಅವರು ನಕ್ಕು, ಕುರ್ಚಿ ತೋರಿಸಿ, ಕಲ್ವದ ಚಿಪ್ಪು ಒಡೆದು ಹಸಿಯದನ್ನೇ ಮುಂದಿಟ್ಟರು. ನಮ್ಮಲ್ಲಿ ಕಲ್ವವನ್ನು ಕಾಯಿ ಅರೆದು ಹಾಕಿ ಸುಕ್ಕಾ ಮಾಡದೆ ಬಾಯಿಗಿಡುವವರಿಲ್ಲ. ಕಣ್ಣು ಮುಚ್ಚಿ ನುಂಗಿದೆ. ಕಡಲನ್ನೇ ಒಂದು ಗುಟುಕು ಕುಡಿದಂತಾಯಿತು. ಸುಮತಿ ತಾನು ತಂದಿದ್ದ ಮುರುಗಲ ಸಿಪ್ಪೆಯಿಂದ ಕುಡಿಯಲು ಸೋಲಕಡಿ ಮಾಡಿಕೊಟ್ಟಳು. ಅದರ ದ್ರಾಕ್ಷಾರಸದಂಥ ಬಣ್ಣ ನೋಡಿ ಒದಿಲ್ ಕಾಲುಳ್ಳ ಗಾಜಿನ ಲೋಟಗಳನ್ನೇ ಹೊರಗೆ ತೆಗೆದು, ಲೋಟಕ್ಕೆ ಲೋಟ ತಾಗಿಸಿ ಕುಡಿದರು.

ಅವರ ತಂದೆ ಆ ವಿಮಾನದ ಮೆಕ್ಯಾನಿಕ್ ಆಗಿದ್ದರು. ಒದಿಲ್ ಇನ್ನೂ ಹುಟ್ಟಿರಲಿಲ್ಲ. ಒಂದೇ ಒಂದು ಸಲ ಹಡಗಿನಿಂದ ಅದನ್ನು ಎಸೆದು ಪರೀಕ್ಷೆ ಮಾಡಿದರಂತೆ. ಹಾರಿತು, ತಿರುಗಿ ಬಂತು, ಹಡಗು ಸಪಾಟು ಮಾಡಿಕೊಟ್ಟ ನೀರಿನ ಮೇಲೆ ಇಳಿಯಿತು. ಆಗ ಎಲ್ಲಿಂದಲೋ ಬಂದ ಒಂದು ಅಲೆ ಬಲಗಡೆಯ ಸಣ್ಣ ಬುರುಡೆಯನ್ನು ಕಿತ್ತುಕೊಂಡು ಹೋಯಿತು. ವಿಮಾನ ಬಲಕ್ಕೆ ವಾಲಿತು. ಕೊಕ್ಕೆ ತೊಡಿಸಲು ದೋಣಿಯಲ್ಲಿ ಬಂದಿದ್ದ ಒದಿಲ್ ಅವರ ತಂದೆ ಎಡಗಡೆಯ ರೆಕ್ಕೆಯ ಮೇಲೆ ಹತ್ತಿ ಕುಳಿತರು. ಅವರ ಭಾರಕ್ಕೆ ಅದು ಮತ್ತೆ ಎದ್ದು ನಿಂತಿತು. ಎರಡೂ ಕಡೆ ಏನೂ ತಾಗದೆ, ಆ ನಡುವಿನ ದೋಣಿಯೊಂದರ ಮೇಲೆ, ಮೇಜಿನ ಮೇಲೆ ಇಟ್ಟ ಹಾಗೆ ನಿಂತಿತ್ತು ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರಂತೆ.

ಆಮೇಲೆ ಚಕ್ರದ ವಿಮಾನಗಳು ವೇಗದಲ್ಲಿ ಬಹಳ ಮುಂದೆ ಹೋದವು. ಹೊಟ್ಟೆಗೆ ದೋಣಿ ಕಟ್ಟಿಕೊಂಡದ್ದು ಯಾರಿಗೂ ಬೇಡವಾಯಿತು. ಅದನ್ನು ಬಿಚ್ಚಿ ಗುಜರಿಗೆ ಹಾಕುವಾಗ ತಂದೆ ಆ ದೋಣಿಯನ್ನು ಕೇಳಿ ಮನೆಗೆ ತಂದರು. ಮೇಲ್ಭಾಗ ಕತ್ತರಿಸಿ, ಹುಟ್ಟು ಹಾಕುವಂತೆ ಮಾಡಿಕೊಂಡು, ಅದರಲ್ಲಿಯೇ ಕಲ್ವದ ತೋಟಕ್ಕೆ ಹೋಗಿ ಬಂದರು. ಯುದ್ಧದ ವರ್ಷಗಳಲ್ಲಿ ಆ ದೋಣಿಯೇ ಮನೆಯವರ ಹೊಟ್ಟೆ ಹೊರೆಯಿತು.

"ಈ ದೋಣಿ ಒಂದು ಕಾಲಕ್ಕೆ ಹಾರ್ತಿತ್ತು ಅಂದ್ರೆ ಯಾರು ನಂಬ್ತ್ರು ಭಾವಾ?" ಎಂದ ಪ್ರಕಾಶ. "ಫೋಟೋ ಇಲ್ಲ, ಎಂತದೂ ಇಲ್ಲ. ಊರವ್ರು ಅವ್ರ ಅಪ್ಪಂಗೆ 'ಹೋಯ್, ಇವತ್ತು ಎಷ್ಟು ಎತ್ತರ ಹಾರಿದ್ರಿ' ಅಂತ ಕೇಳ್ತಿದ್ರಂತೆ. ಅವ್ರನ್ನ ಅಣಕಿಸೂಕೆ ಮದ್ಯದಂಗಡೀಲಿ ಕೈ ಅಗಲಿಸಿ ಹಾರ್ದಂಗೆ ಮಾಡಿ ತೋರಿಸ್ತಿದ್ರಂತೆ. ಇವ್ರು ಸಣ್ಣವ್ರಿದ್ದಾಗ ಅದಕ್ಕೇ ಶಾಲೇಲಿ ಹೊಡ್ದಾಡಿ ಬಂದದ್ದುಂಟಂತೆ."

ಒದಿಲ್ ಅವನ ಮಾತು ತಿಳಿಯದಿದ್ದರೂ ತಲೆದೂಗಿ, ಮುಷ್ಟಿ ಕಟ್ಟಿ ತೋರಿಸಿದರು.

ಈಗ ವಿಮಾನ ಸಿದ್ಧವಾಗಿತ್ತು. ದೊಡ್ಡ ಪಟ್ಟಣದ ಒಂದು ಸಂಗ್ರಹಾಲಯ ಅದನ್ನು ತನ್ನ ಮಾಡಿನಿಂದ ತೂಗುಹಾಕಲು ಒಯ್ಯುವುದಿತ್ತು. ಲಾರಿ ಗೊತ್ತಾಗಿತ್ತು. ಅದಕ್ಕೆ ಮುಂಚೆ ಒಂದೇ ಒಂದು ಭರತದಲ್ಲಿ, ಕಡಲು ಏರಿದ ಹೊತ್ತಿನಲ್ಲಿ, ಅದನ್ನು ನೀರಿಗಿಳಿಸಿ ತೋರಿಸಬೇಕು ಎಂಬುದು, ದೋಣಿ ಕೊಡುವಾಗ ಒದಿಲ್ ಹಾಕಿದ್ದ ಒಂದೇ ಷರತ್ತು. ತಂದೆ ದೋಣಿಗೆ ಹಾಕಿದ ತೇಪೆಗಳನ್ನು ತೆಗೆಯಬಾರದು ಎಂಬುದು ಷರತ್ತಲ್ಲ, ಅಪ್ಪಣೆಯಂತೆ. ಒದಿಲ್ ಅವರಿಗೆ ವಯಸ್ಸು ಬಹಳವಾಗಿತ್ತು. ಲಾರಿ ಹೋದ ಮೇಲೆ ಇನ್ನೊಮ್ಮೆ ಅದು ನೀರು ಕಾಣುವುದಿಲ್ಲ.

"ನಿಂತೀತಾ?" ಎಂದು ಕೊಟ್ಟಿಗೆಗೆ ಮರಳಿದ ಮೇಲೆ ನಾನು ಪ್ರಕಾಶನ ಮೂಲಕ ಲೂಕನನ್ನು ಕೇಳಿದೆ.

ಅವನು ಪೆನ್ಸಿಲ್ ತೆಗೆದು ಮತ್ತೆ ಕಿವಿಗೆ ಸಿಕ್ಕಿಸಿದ. ಎರಡು ಬುರುಡೆಗಳಿದ್ದರೆ ಖಂಡಿತ ನಿಲ್ಲುತ್ತದೆ ಎಂದ. ಒಂದೇ ಇದ್ದರೆ ಹೇಗೆ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ನಿಲ್ಲಬಹುದು ಎಂದೇ ಬರುತ್ತದೆ, ಆದರೆ ಮಾಡಿ ನೋಡುವ ಧೈರ್ಯ ನನಗಿಲ್ಲ ಎಂದ.

ಆ ಮಧ್ಯಾಹ್ನ ಕೊಟ್ಟಿಗೆಯ ಊಟದ ನಡುವೆ ಪ್ರಕಾಶ ಅವರಿಗೆಲ್ಲ ನಮ್ಮ ಕಡೆಯ ರಾಂಪಣಿ ಬಲೆಯ ಸಂಗತಿ ಹೇಳಿದ. ಅರ್ಧ ಚಂದ್ರನಂತೆ ಕಡಲಿಗೆ ಬಲೆ ಸುತ್ತು ಹಾಕಿ ಎರಡು ತುದಿಯ ಹಗ್ಗಗಳನ್ನು ದಂಡೆಗೆ ತರುತ್ತಾರೆ. ಆಮೇಲೆ ಎಳೆಯುವುದು ಊರಿಗೆ ಊರೇ. ದಾರಿಯಲ್ಲಿ ಹೋಗುವವನೂ ಬಂದು ಹಗ್ಗಕ್ಕೆ ಕೈ ಹಾಕಿದರೆ ಅವನಿಗೂ ಮೀನಿನ ಪಾಲು ಉಂಟು. ಊಟಕ್ಕೆ ಬಂದಿದ್ದ ಒದಿಲ್ ಈ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಯಾರೇ ಆದರೂ? ಯಾರೇ ಆದರೂ.

ಧಕ್ಕೆ

ನೀರಿಗಿಳಿಸುವ ದಿನ ಬೆಳಗಿನಿಂದ ಗಾಳಿ ಇರಲಿಲ್ಲ. ನೀರು ಏರುತ್ತಿತ್ತು. ಧಕ್ಕೆಯ ಮೇಲೆ ಊರಿನವರು ಬೇಲಿಯ ಆಚೆ ನಿಂತಿದ್ದರು. ಒಬ್ಬರೂ ಜೋರಾಗಿ ಮಾತನಾಡುತ್ತಿರಲಿಲ್ಲ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಕಡಲೆಕಾಯಿ ಮಾರುವವನೂ ಬಂದಿರುತ್ತಿದ್ದ. ಪ್ರಕಾಶ ಕೆಲಸದವರಲ್ಲೊಬ್ಬನಾದ್ದರಿಂದ ನಾವಿಬ್ಬರೂ ಬೇಲಿಯ ಒಳಗಿದ್ದೆವು. ಒದಿಲ್ ಅವರಿಗೆ ಕುರ್ಚಿ ಹಾಕಿದ್ದರು. ಅವರು ಕೂರಲಿಲ್ಲ. ಕೋಲು ಊರಿಕೊಂಡು ಧಕ್ಕೆಯ ಅಂಚಿನ ಹತ್ತಿರ ನಿಂತಿದ್ದರು. ತಂದೆಯದೆಂದು ತೋರುವ ಹಳೆಯ ಟೊಪ್ಪಿ ಹಾಕಿಕೊಂಡಿದ್ದರು.

ಕ್ರೇನು ಎತ್ತಿತು. ಆ ಕ್ಷಣದ ಬಗ್ಗೆ ಎಷ್ಟು ಬರೆದರೂ ಸಾಲದು. ಇಷ್ಟು ದಿನ ಕೊಟ್ಟಿಗೆಯ ಮಾಡಿನ ಕೆಳಗಿದ್ದದ್ದು ಆಕಾಶಕ್ಕೆ ಹೋಯಿತು. ಅಗಲವಾದ ಪಟ್ಟಿಗಳಿಂದ ತೂಗುತ್ತ, ಮೂಗು ತುಸು ಮೇಲೆ ಮಾಡಿ, ಹಾರುತ್ತಿದ್ದಾಗ ಹೇಗಿತ್ತೋ ಹಾಗೆಯೇ ಕಂಡಿತು. ಅದರ ನೆರಳು ನಮ್ಮೆಲ್ಲರ ಮೇಲೆ ಹಾದು ಹೋಯಿತು. ಸುಮತಿ ನನ್ನ ತೋಳು ಹಿಡಿದುಕೊಂಡಳು. ದೋಣಿಯ ಹೊಟ್ಟೆಯ ತೇಪೆಗಳು ಆಗ ಮೊದಲ ಸಲ ನನಗೆ ಕಂಡವು. ಹಳೆಯ ಅಂಗಿಗೆ ಹಾಕಿದಂತೆ, ಅಂಚು ಮಡಿಸಿ ಹಾಕಿದ್ದು.

ವಿಮಾನ ಗಾಳಿಯಲ್ಲಿ ತಿರುಗಬಾರದೆಂದು ಬಾಲಕ್ಕೆ ಒಂದು ಉದ್ದನೆಯ ಹಗ್ಗ ಕಟ್ಟಿದ್ದರು. ಪ್ರಕಾಶ ಮತ್ತು ಇನ್ನಿಬ್ಬರು ಅದನ್ನು ಹಿಡಿದಿದ್ದರು. ಕ್ರೇನು ನೀರಿನ ಕಡೆ ತಿರುಗಿದಂತೆ ಅವರು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಮುಂದೆ ಹೋಗಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ. ನಾನು ಅವರ ಬೆನ್ನ ಹಿಂದೆ ಸುಮ್ಮನೆ ನಿಂತಿದ್ದೆ.

ನನ್ನ ಕಣ್ಣಿಗೆ ಕಂಡದ್ದು ಇಷ್ಟು: ಹಗ್ಗ ಕಡಲಿನ ಕಡೆ ಹೋಗುತ್ತಿದೆ. ಹಿಡಿದವರ ಕಾಲುಗಳು ಮುಂದಕ್ಕೆ ಜಾರುತ್ತಿವೆ. ತುದಿ ನನ್ನ ಪಾದದ ಪಕ್ಕದಿಂದ ಹಾವಿನಂತೆ ಹರಿದು ಹೋಗುತ್ತಿದೆ. ನಮ್ಮ ದಂಡೆಯಲ್ಲಿ ಹಗ್ಗ ಹೀಗೆ ಹೋಗುತ್ತಿದೆಯೆಂದರೆ ಒಂದೇ ಅರ್ಥ, ಕಡಲು ಬಲೆಯನ್ನು ಎಳೆದುಕೊಳ್ಳುತ್ತಿದೆ. ಆಗ ಯಾರನ್ನೂ ಕೇಳುವುದಿಲ್ಲ. ಎಂಟು ವರ್ಷದವನಿದ್ದಾಗಿನಿಂದ ನಾನು ಕೇಳಿದವನಲ್ಲ. ಬಗ್ಗಿದೆ, ಹಗ್ಗ ಹಿಡಿದೆ, ಸೊಂಟಕ್ಕೆ ಒಂದು ಸುತ್ತು ಹಾಕಿ, ಹಿಮ್ಮಡಿ ಕಲ್ಲಿಗೆ ಊರಿ, ಹಿಂದಕ್ಕೆ ವಾಲಿದೆ.

ಬಾಲ ನಿಂತಿತು. ಮೂಗು ನಿಲ್ಲಲಿಲ್ಲ. ಇಡೀ ವಿಮಾನ ಮೆಲ್ಲಗೆ, ಬಾಗಿಲು ತೆರೆದುಕೊಂಡಂತೆ ತಿರುಗಿತು. ಬಲಗಡೆಯ ರೆಕ್ಕೆ ಧಕ್ಕೆಯ ಮೇಲೆ ಗುಡಿಸಿಕೊಂಡು ಬಂತು. ಅದರ ಕೆಳಗಿದ್ದ ಸಣ್ಣ ಬುರುಡೆ ದೋಣಿ ಕಟ್ಟುವ ಕಬ್ಬಿಣದ ಗೂಟಕ್ಕೆ ತಾಗಿತು.

ಸದ್ದು ದೊಡ್ಡದಲ್ಲ. ಒಣ ತೆಂಗಿನಕಾಯಿ ಬಿರಿದಷ್ಟು.

"ಬಿಡಿ ಭಾವಾ, ಬಿಡಿ, ಬಿಡಿ," ಎಂದು ಪ್ರಕಾಶ ಹೇಳುತ್ತಿದ್ದ. ಕೂಗುತ್ತಿರಲಿಲ್ಲ. ನನ್ನ ಬೆರಳುಗಳನ್ನು ಅವನೇ ಒಂದೊಂದಾಗಿ ಬಿಡಿಸಿದ.

ನಿಂತ ನೀರು

ಬುರುಡೆಯ ಮುಂಭಾಗ ಸೀಳಿತ್ತು. ಒಳಗಿನ ಮರದ ಪಟ್ಟಿಗಳು ಕಾಣುತ್ತಿದ್ದವು. ಲೂಕ್ ಅದರ ಕೆಳಗೆ ನಿಂತು ಸೀಳಿನೊಳಗೆ ಕೈ ಹಾಕಿ ನೋಡಿದ. ನೀರಿಗಿಳಿದ ಕೂಡಲೇ ಅದು ತುಂಬುತ್ತದೆ, ತುಂಬಿದರೆ ಬಲರೆಕ್ಕೆ ಮುಳುಗುತ್ತದೆ. ರಿಪೇರಿಗೆ ಹೊತ್ತಿಲ್ಲ. ಭರತ ತುದಿ ಮುಟ್ಟುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಬಂದರಿನಲ್ಲಿ ನೀರೇ ಇರುವುದಿಲ್ಲ, ನಾಳೆ ಬೆಳಗಾದರೆ ಲಾರಿ.

ನಾನು ಒದಿಲ್ ಅವರಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಸುಮತಿ ಏನೂ ಹೇಳಲಿಲ್ಲ. ಮೂವತ್ತು ವರ್ಷ ನನ್ನನ್ನು ಚುಚ್ಚದೆ ಒಂದು ದಿನ ಬಿಟ್ಟವಳಲ್ಲ. ಅವಳು ಸುಮ್ಮನಿರುವುದೇ ನನಗೆ ಹೆದರಿಕೆ ಹುಟ್ಟಿಸಿತು. ಅಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬ ಮುದುಕ ಬಂದು ನನ್ನ ಅಂಗೈ ತಿರುಗಿಸಿ, ಹಗ್ಗ ಉಜ್ಜಿ ಎದ್ದ ಚರ್ಮ ನೋಡಿ, ತನ್ನ ಕರವಸ್ತ್ರ ಸುತ್ತಿ ಹೋದ.

ಒದಿಲ್ ಲೂಕನ ಬಳಿಗೆ ನಡೆದು ಹೋದರು. ಏನೋ ಹೇಳಿದರು. ಅವನು ತಲೆಯಾಡಿಸಿ ಇಲ್ಲವೆಂದ. ಅವರು ಕೋಲಿನಿಂದ ಮೊದಲು ಸೀಳಿದ ಬುರುಡೆಯನ್ನು ತೋರಿಸಿದರು, ಆಮೇಲೆ ಎಡರೆಕ್ಕೆಯನ್ನು, ಆಮೇಲೆ ನನ್ನನ್ನು. ಲೂಕ್ ಬಹಳ ಹೊತ್ತು ನನ್ನನ್ನು ನೋಡಿದ. ಕಿವಿಯ ಮೇಲಿನ ಪೆನ್ಸಿಲ್ ಕೈಗೆ ಬಂತು.

ಪ್ರಕಾಶ ಓಡಿ ಬಂದ. "ಭಾವಾ, ನಿಮ್ಮ ತೂಕ ಎಷ್ಟು?"

"ಯಂತಕೆ?"

"ಮೊದ್ಲು ಹೇಳಿ."

ಹೇಳಿದೆ. "ಅದು ಊರಲ್ಲಿ ಇದ್ದಾಗಿಂದು," ಎಂದಳು ಸುಮತಿ. "ಇಲ್ಲಿ ಬಂದ್ಮೇಲೆ ಬೆಣ್ಣೆ ತಿಂದ್ಕಂಡು ಮೇಲೆ ಹೋಗದೆ. ಎರಡು ಮೂರು ಕಿಲೋ ಜಾಸ್ತಿ ಹಾಕು." ಅವಳು ಮಾತನಾಡಿದ್ದೇ ನನಗೆ ಉಸಿರು ಬಂದಂತಾಯಿತು.

ಪ್ರಕಾಶ ಹೇಳಿದ: "ಆ ದಿನಾನೂ ಬಲಗಡೆ ಬುರುಡೆನೇ ಹೋದದ್ದಲ್ವಾ. ಒದಿಲ್ ಅವ್ರ ಅಪ್ಪ ಎಡಗಡೆ ರೆಕ್ಕೆ ಮೇಲೆ ಕೂತ್ರು. ಇವತ್ತೂ ಒಬ್ರು ಕೂರ್ಲಿ ಅಂತ್ರು. ಲೂಕ್ ಹೇಳ್ತಾನೆ, ಕ್ರೇನಿನ ಪಟ್ಟಿ ತೆಗೆಯೂದಿಲ್ಲ, ಸಡಿಲ ಬಿಡ್ತೆ, ಮುಳುಗೂಕೆ ಕೊಡೂದಿಲ್ಲ ಅಂತ. ಅಂವ ತಾನೇ ಕೂರ್ತೆ ಅಂದ. ಇವ್ರು ಬೇಡ ಅಂದ್ರು."

"ಮತ್ತೆ?"

"ಹಗ್ಗಕ್ಕೆ ಕೈ ಹಾಕಿದವ್ರಿಗೆ ಪಾಲು ಉಂಟು ಅನ್ನೂದು ನಿಮ್ಮೂರಿನ ಮಾತೇ ಅಲ್ವಾ ಅಂತ್ರು. ಇದೇ ನಿಮ್ಮ ಪಾಲಂತೆ."

ಒದಿಲ್ ದೂರದಿಂದ ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಕರುಣೆಯೂ ಇರಲಿಲ್ಲ. ರಾಂಪಣಿ ದಂಡೆಯಲ್ಲಿ ಪಾಲು ಹಂಚುವವನ ಮುಖ ಹೀಗೇ ಇರುತ್ತದೆ.

ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ ನನ್ನನ್ನು ಸಣ್ಣ ದೋಣಿಗೆ ಇಳಿಸಿದರು. ಅಷ್ಟು ಹೊತ್ತಿಗೆ ಕ್ರೇನು ವಿಮಾನವನ್ನು ನೀರಿಗೆ ಮುಟ್ಟಿಸಿ ಹಿಡಿದಿತ್ತು. ಹತ್ತಿರ ಹೋದಂತೆ ಅದು ದೊಡ್ಡದಾಯಿತು. ಎಡರೆಕ್ಕೆಯ ಬುಡದಲ್ಲಿ ಕಾಲಿಡಲು ಒಂದು ಕಪ್ಪು ಪಟ್ಟಿ ಇತ್ತು. ಅದರ ಮೇಲೆ ಹೊಟ್ಟೆಯಿಂದ ಹತ್ತಿ, ತೆವಳಿ, ರೆಕ್ಕೆಯ ನಡುವಿಗೆ ಹೋಗಿ ಕುಳಿತೆ. ಕೆಳಗೆ ಲೋಹ ತಣ್ಣಗಿತ್ತು. 

ಲೂಕ್ ಕೈ ಮಾಡಿದ. ಪಟ್ಟಿಗಳು ಸಡಿಲವಾದವು.

ವಿಮಾನ ನನ್ನ ಕಡೆಗೆ ವಾಲಿತು. ಎಡಗಡೆಯ ಬುರುಡೆ ನೀರಿಗೆ ಒತ್ತಿ ಬುಳಕ್ ಎಂದಿತು. ನಮ್ಮ ಕಡೆಯ ಸಣ್ಣ ದೋಣಿಗಳಿಗೆ ಒಂದೇ ಮಗ್ಗುಲಿಗೆ ದಿಮ್ಮಿ ಕಟ್ಟಿರುತ್ತಾರೆ. ಭಾರ ಆ ದಿಮ್ಮಿಯ ಕಡೆ ಇದ್ದರೆ ದೋಣಿ ಮಗುಚುವುದಿಲ್ಲ. ಅದು ನೆನಪಾಗಿ ಮೈ ಸ್ವಲ್ಪ ಸಡಿಲಾಯಿತು. ಈಗ ಲೂಕ್ ಎರಡು ಅಂಗೈಗಳನ್ನು ಹತ್ತಿರ ತರುತ್ತ, ಒಳಗೆ ಬನ್ನಿ ಎಂದು ಸನ್ನೆ ಮಾಡಿದ. ಒಂದು ಗೇಣು ಸರಿದೆ. ನಿಂತೆ. ಇನ್ನೊಂದು ಗೇಣು. ಬುರುಡೆ ನೀರಿನಿಂದ ಅರ್ಧ ಎದ್ದಿತು. ವಿದ್ಯುದಾಗಾರದಲ್ಲಿ ಯಂತ್ರವನ್ನು ಲೈನಿಗೆ ಸೇರಿಸುವಾಗ ಮುಳ್ಳು ಮೇಲೇರುತ್ತ ಬಂದು ನಿಲ್ಲಬೇಕಾದಲ್ಲಿ ನಿಲ್ಲುವವರೆಗೆ ಯಾರೂ ಉಸಿರಾಡುವುದಿಲ್ಲ. ಹಾಗೆ ಸರಿದೆ. ಬುರುಡೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ ಅದೂ ನಿಂತಿತು.

ನೀರು ಏರುವುದನ್ನು ಬಿಟ್ಟು ಇಳಿಯುವುದನ್ನು ಇನ್ನೂ ಆರಂಭಿಸದ ಹೊತ್ತು ಅದು. ಬಂದರಿನಲ್ಲಿ ಒಂದು ಸುಕ್ಕೂ ಇರಲಿಲ್ಲ. ನಾನು ಎಡಕ್ಕೆ ನೋಡಿದೆ, ಬುರುಡೆಗೂ ನೀರಿಗೂ ನಡುವೆ ಬೆಳಕಿತ್ತು. ಬಲಕ್ಕೆ ನೋಡಿದೆ, ಸೀಳಿದ ಬುರುಡೆಯ ಕೆಳಗೂ ಬೆಳಕಿತ್ತು. ಎರಡೂ ರೆಕ್ಕೆಗಳು ಏನನ್ನೂ ಮುಟ್ಟದೆ ಗಾಳಿಯಲ್ಲಿದ್ದವು. ನನ್ನ ಕೆಳಗೆ ಒಬ್ಬ ಮನುಷ್ಯ ತೇಪೆ ಹಾಕಿ ಹಾಕಿ ಉಳಿಸಿಕೊಂಡ ಆ ಒಂದು ದೋಣಿ ಮಾತ್ರ ನೀರಿನಲ್ಲಿತ್ತು. ಇಡೀ ವಿಮಾನ ತಲೆಕೆಳಗಾಗಿ ನೀರಿನೊಳಗೂ ಇತ್ತು, ಅದರ ರೆಕ್ಕೆಯ ಮೇಲೆ ಕಿತ್ತಳೆ ಜಾಕೀಟಿನ ಒಬ್ಬ ಮುದುಕ.

ಮೇಜಿನ ಮೇಲೆ ಇಟ್ಟ ಹಾಗೆ. ಅದಕ್ಕಿಂತ ಬೇರೆ ಮಾತು ನನಗೂ ಸಿಗಲಿಲ್ಲ.

ಧಕ್ಕೆಯ ಮೇಲೆ ಲೂಕ್ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದ. ಬೇಲಿಯ ಆಚೆ ವಯಸ್ಸಾದ ಒಬ್ಬನು ಟೊಪ್ಪಿ ತೆಗೆದ, ಪಕ್ಕದವನೂ ತೆಗೆದ. ಅವರ ಅಪ್ಪಂದಿರೇ ಮದ್ಯದಂಗಡಿಯಲ್ಲಿ ಕೈ ಅಗಲಿಸಿ ಹಾರಿ ತೋರಿಸಿದವರಿರಬೇಕು. ಒದಿಲ್ ಮಾತ್ರ ಟೊಪ್ಪಿ ತೆಗೆಯಲಿಲ್ಲ. ಎರಡು ಕೈಯಿಂದಲೂ ಅದನ್ನು ತಲೆಗೆ ಒತ್ತಿ ಹಿಡಿದುಕೊಂಡು, ಸೀಳಿದ ಬುರುಡೆಯ ಕೆಳಗಿನ ಆ ಬೆಳಕನ್ನು ನೋಡುತ್ತಿದ್ದರು. ಕೋಲು ಅವರ ಕಾಲ ಬಳಿ ಬಿದ್ದಿತ್ತು.

ಸ್ವಲ್ಪ ಹೊತ್ತಿಗೆ ಲೂಕ್ ಗಡಿಯಾರ ನೋಡಿ ಕೈ ಎತ್ತಿದ. ಧಕ್ಕೆಯ ಕಲ್ಲಿನ ಮೇಲೆ ಒಂದು ಒದ್ದೆ ಗೆರೆ ಕಾಣಿಸಿಕೊಂಡಿತ್ತು, ನೀರು ಇಳಿಯತೊಡಗಿತ್ತು. ನನ್ನನ್ನು ಕರೆದೊಯ್ಯಲು ಸಣ್ಣ ದೋಣಿ ಹೊರಟಿತು. ನಾನು ಏಳಲು ಅಂಗೈ ಊರಿದೆ.

ಒದಿಲ್ ತಲೆ ತಿರುಗಿಸದೆಯೇ ಏನೋ ಹೇಳಿದರು. ಲೂಕ್ ಎತ್ತಿದ ಕೈಯನ್ನು ಇಳಿಸಿದ. ದೋಣಿ ಅಲ್ಲಿಯೇ ನಿಂತಿತು.

"ಭಾವಾ," ಎಂದ ಪ್ರಕಾಶ. "ಗಡಿಬಿಡಿ ಮಾಡ್ಬೇಡಿ. ಇನ್ನೊಂಚೂರು ಹಂಗೇ ಕೂತ್ಕಳಿ ಅಂತ್ರು."

ಊರಿದ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಕುಳಿತೆ.